ಸತುವಿನ ತೇಪೆ

ಬೆಂಕಿಯ ಮೊನೆ ತಗುಲಿದ್ದೇ ತಡ, ವ್ಯಾನಿನ ನೆಲದಿಂದ ಹಿಂಜಿದ ಹತ್ತಿಯಂಥ ಬೆಳ್ಳನೆಯ ಹೊಗೆ ಭುಸ್ಸನೆ ಎದ್ದಿತು. ಹೆರ್ವೆಲಿನ್ ವೆಲ್ಡಿಂಗ್ ನಳಿಕೆಯನ್ನು ಹಿಂದಕ್ಕೆಳೆದುಕೊಂಡು ಗ್ಯಾಸ್ ಆರಿಸಿದಳು. ಕಪ್ಪು ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿ, ಕೆಮ್ಮುತ್ತ, ಶೆಡ್ಡಿನ ಎರಡೂ ಬಾಗಿಲುಗಳನ್ನು ಒದ್ದು ತೆರೆದಳು. ನಾಲಗೆಯ ಮೇಲೆ ಆಗಲೇ ಒಂದು ಬಗೆಯ ಸಿಹಿ ಕೂತಿತ್ತು. ಅದು ಒಳ್ಳೆಯ ಸಿಹಿಯಲ್ಲವೆಂದು ಅವಳಿಗೆ ಗೊತ್ತಿತ್ತು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಆನ್ಸೆಲ್ಮ್ ಗಾಬರಿಯಿಂದ ಎದ್ದ. "ಏನಾಯ್ತೇ? ಹತ್ಕೊಳ್ತಾ?"

"ಇಲ್ಲ ಯಜಮಾನ್ರೇ. ಹೊರಗೆ ಬನ್ನಿ ಮೊದ್ಲು. ಈ ಹೊಗೆ ಕುಡಿದ್ರೆ ನಾಳೆ ಚಳಿಜ್ವರ ಬಂದು ಮಲಗ್ತೀರಿ."

"ಜೀವಮಾನ ಪೂರ್ತಿ ಒಲೆ ಹೊಗೆ ಕುಡಿದೋನು ಕಣೇ ನಾನು."

"ಅದು ಕಟ್ಟಿಗೆ ಹೊಗೆ. ಇದು ಬೇರೆ. ಬನ್ನಿ ಅಂದ್ನಲ್ಲಾ."

ಇಬ್ಬರೂ ಅಂಗಳದಲ್ಲಿ ನಿಂತರು. ಸಮುದ್ರದ ಕಡೆಯಿಂದ ಬೀಸುತ್ತಿದ್ದ ಗಾಳಿ ಹೊಗೆಯನ್ನು ಹೊತ್ತು ಪಕ್ಕದ ಹೂಕೋಸಿನ ಹೊಲದ ಮೇಲೆ ಹರಡಿತು. ಹೊಲದಲ್ಲಿ ಬಗ್ಗಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿ, ಹೆರ್ವೆಲಿನ್ ಕೈಬೀಸಿದ ಮೇಲೆ ಮತ್ತೆ ಬಗ್ಗಿದಳು.

ಆನ್ಸೆಲ್ಮ್ ಊರಿನ ಬೇಕರಿಯವನು. ಬೆನ್ನು ಕೈಕೊಟ್ಟ ಮೇಲೆ ಬೇಕರಿ ಮುಚ್ಚಿ ಬಹಳ ವರ್ಷವಾಗಿತ್ತು. ವ್ಯಾನು ಅವನದೇ ಆದರೂ ಅವನು ಅದನ್ನು ಓಡಿಸಿದ್ದು ಕಡಿಮೆ. ನಡುರಾತ್ರಿ ಎದ್ದು ಬ್ರೆಡ್ಡು ಸುಡುವುದು ಅವನ ಕೆಲಸ. ಬೆಳಗಾದ ಮೇಲೆ ಅದನ್ನು ತುಂಬಿಕೊಂಡು ಹಳ್ಳಿಹಳ್ಳಿಗೆ ಹಾರ್ನ್ ಹೊಡೆಯುತ್ತ ಹೋಗುವುದು ಹೆಂಡತಿ ಮಾರಿವೋನಳ ಕೆಲಸ. ಮುಂದಕ್ಕೆ ಹಂದಿಯ ಮೂತಿಯಂತೆ ಚಾಚಿಕೊಂಡ, ಮೈಯೆಲ್ಲ ಅಲೆ ಅಲೆಯಾದ ತಗಡಿನ ಆ ವ್ಯಾನು ಬರುವುದು ಅರ್ಧ ಮೈಲಿಯಿಂದಲೇ ಕೇಳಿಸುತ್ತಿತ್ತಂತೆ. ಎರಡು ಚಳಿಗಾಲದ ಹಿಂದೆ ಮಾರಿವೋನ್ ತೀರಿಕೊಂಡಳು. ವ್ಯಾನು ಕೊಟ್ಟಿಗೆಯಲ್ಲಿ ಆಲೂಗಡ್ಡೆ ಚೀಲಗಳ ಹಿಂದೆ ನಿಂತೇ ಇತ್ತು. ಈಗ ಅಜಿಲಿಜ್ ಎಂಬ ಹುಡುಗಿಯೂ ಅವಳ ಗಂಡನೂ ಬೇರೆ ಊರಿನಿಂದ ಬಂದು, ಮುಚ್ಚಿದ್ದ ಬೇಕರಿಯನ್ನು ತೆರೆದಿದ್ದರು. ಹಳ್ಳಿಗಳಿಗೆ ಬ್ರೆಡ್ಡು ಒಯ್ಯಲು ಅವರಿಗೆ ಆ ವ್ಯಾನೇ ಬೇಕಿತ್ತು. "ಕೊಡ್ತೀನಿ. ಆದ್ರೆ ತೂತು ಬಿದ್ದಿದ್ದನ್ನ ಕೊಡಲ್ಲ, ಸರಿಮಾಡ್ಸಿ ಕೊಡ್ತೀನಿ" ಎಂದ ಆನ್ಸೆಲ್ಮ್ ಅದನ್ನು ಹೆರ್ವೆಲಿನಳ ಶೆಡ್ಡಿಗೆ ಎಳೆಸಿಕೊಂಡು ಬಂದಿದ್ದ.

ಹೆರ್ವೆಲಿನ್ ಅಪ್ಪನಿಂದ ಟಿಂಕರಿಂಗ್ ಕೆಲಸ ಕಲಿತವಳು. ಐವತ್ತು ದಾಟಿದ, ಗಿಡ್ಡಗೆ ಗಟ್ಟಿಯಾದ ಹೆಂಗಸು. ಚಿಕ್ಕವಳಿದ್ದಾಗ ಆನ್ಸೆಲ್ಮನ ಬೇಕರಿಗೆ ಬ್ರೆಡ್ಡಿಗೆ ಹೋಗಿ, ದಾರಿಯಲ್ಲೇ ಅದರ ತುದಿ ಮುರಿದು ತಿಂದು ಮನೆಯಲ್ಲಿ ಬೈಸಿಕೊಂಡವಳು. ಆ ಸಲಿಗೆಯಿಂದಲೇ ಮುದುಕ ದಿನಾ ಬೆಳಗ್ಗೆ ಬಂದು ಅವಳ ಶೆಡ್ಡಿನಲ್ಲಿ ಕೂರುತ್ತಿದ್ದ. ಅವಳು ತುಕ್ಕು ಹಿಡಿದ ತಗಡನ್ನು ಕತ್ತರಿಸುತ್ತಿದ್ದರೆ ತನ್ನ ಹಲ್ಲನ್ನೇ ಕೀಳುತ್ತಿರುವಂತೆ ಮುಖ ಕಿವುಚುತ್ತಿದ್ದ.

ಹೊಗೆ ತಿಳಿಯಾದ ಮೇಲೆ ಹೆರ್ವೆಲಿನ್ ಒಳಗೆ ಹೋಗಿ, ವ್ಯಾನಿನ ನೆಲಕ್ಕೆ ಬಳಿದಿದ್ದ ಕಪ್ಪು ಡಾಂಬರನ್ನು ತಂತಿಯ ಬ್ರಷ್ಷಿನಿಂದ ತಿಕ್ಕಿದಳು. ಕೆಳಗೆ ಬೂದು ನೀಲಿ ಬಣ್ಣದ ಮೆತ್ತನೆಯ ಲೋಹ ಕಾಣಿಸಿತು. ಉಗುರಿನಿಂದ ಗೀರಿದರೆ ಗೆರೆ ಬೀಳುತ್ತಿತ್ತು.

"ಇದು ಕಬ್ಬಿಣದ ತಗಡಲ್ಲ. ಸತು. ಆ ಬಿಳಿ ಹೊಗೆ ಇದರದ್ದೇ. ಇಲ್ಲಿ ತೇಪೆ ಹಾಕ್ಸಿದ್ರಾ?"

"ನಾನಾ? ಇಲ್ವಲ್ಲ. ಇಂಜಿನ್ ರಿಪೇರಿಗೆ ಕೊಟ್ಟಿದೀನಿ, ಬ್ರೇಕಿಗೆ ಕೊಟ್ಟಿದೀನಿ. ಇದರ ಮೈ ಮುಟ್ಟಿದೋರೇ ಇಲ್ಲ. ಎಂಥಾ ಗಟ್ಟಿ ತಗಡು ಅಂತ ನಾನು ಎಲ್ಲರ ಹತ್ರಾನೂ ಹೇಳ್ಕೊಂಡು ತಿರುಗ್ತಿದ್ದೆ."

ಹೆರ್ವೆಲಿನ್ ಇನ್ನಷ್ಟು ತಿಕ್ಕಿದಳು. ಚಕ್ರದ ಮೇಲಿನ ಕಮಾನಿನಲ್ಲಿ ಒಂದು ತೇಪೆ. ಹಿಂಬಾಗಿಲ ಹೊಸ್ತಿಲಲ್ಲಿ ಒಂದು. ಪಕ್ಕದ ಗೋಡೆಯ ಕೆಳಗೆ ಉದ್ದಕ್ಕೆ ಒಂದು, ಅದರ ಮೇಲೊಂದು. ಕೆಲವು ಸುಣ್ಣ ಹಿಡಿದಂತೆ ಬೆಳ್ಳಗಾಗಿದ್ದವು, ಕೆಲವು ಇನ್ನೂ ನುಣ್ಣಗಿದ್ದವು. ಡ್ರೈವರ್ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ, ಒಂದು ತೇಪೆಯ ಅಂಚನ್ನು ಒಂದರೊಳಗೊಂದು ಮಡಿಸಿ, ತಟ್ಟಿ, ತಾಮ್ರದ ರಿವೆಟ್ ಹೊಡೆದು ಕೂಡಿಸಿದ್ದರು. ಕಾಲಿಗೆ ತಾಗಬಾರದೆಂದು ರಿವೆಟ್ಟಿನ ತಲೆಗಳನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿದ್ದರು.

"ಇಲ್ಲಿ ನೋಡಿ ಈ ಮಡಿಕೆ," ಎಂದಳು. "ಟಿಂಕರಿಂಗ್‌ನವರು ಹೀಗೆ ಮಡಿಸಲ್ಲ. ಇದು ಮನೆ ಚಾವಣಿಗೆ ಸತು ಹೊದಿಸೋರ ಕೈ. ಒಂದು ದಿನದ ಕೆಲಸಾನೂ ಅಲ್ಲ. ವರ್ಷಗಟ್ಲೆ, ತೂತು ಬಿದ್ದಾಗೆಲ್ಲ ಹಾಕಿದಾರೆ."

"ಚಾವಣಿಯೋನು?"

"ಮಾರಿವೋನ್ ಹೋಗ್ತಿದ್ದ ದಾರೀಲಿ ಯಾರಾದ್ರೂ ಇದ್ರಾ?"

ಆನ್ಸೆಲ್ಮ್ ಬಗ್ಗಿ ಆ ತೇಪೆಯನ್ನು ನೋಡುತ್ತಿದ್ದವನು ಹಾಗೇ ನಿಂತ. "ಕೆರ್‌ಗ್ವೆನ್‌ನಲ್ಲಿ ಗೊನೆರಿ ಅಂತ ಒಬ್ಬನಿದ್ದ," ಎಂದ. "ಗುರುವಾರದ ದಾರೀಲಿ ಕೊನೇ ಮನೆ."

ಗೊನೆರಿಯ ಮುಖವನ್ನು ಆನ್ಸೆಲ್ಮ್ ಎಂದೂ ನೋಡಿರಲಿಲ್ಲ. ಹೆಸರು ಮಾತ್ರ ಗೊತ್ತಿತ್ತು. ಗುರುವಾರ ಬೆಳಗ್ಗೆ ಬ್ರೆಡ್ಡು ತುಂಬುವಾಗ ಮಾರಿವೋನ್, "ಗೊನೆರಿಗೆ ಚೆನ್ನಾಗಿ ಕರಕಾಗಿರೋದು ಒಂದು" ಎನ್ನುತ್ತಿದ್ದಳು. ಅವನು ಪ್ರತಿವಾರ ಒಂದು ಬ್ರೆಡ್ಡನ್ನು ಒಲೆಯ ಹಿಂಬದಿಗೆ ತಳ್ಳಿ, ಉಳಿದವನ್ನು ತೆಗೆದ ಮೇಲೂ ಅದನ್ನು ಒಳಗೇ ಬಿಟ್ಟು, ಕಪ್ಪಗೆ ಸುಡುತ್ತಿದ್ದ. ಗುರುವಾರಗಳಂದು ಅವಳು ಬರುವುದು ತಡವಾಗುತ್ತಿತ್ತು. ಅವನು ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದಾಗ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ಆಗಷ್ಟೇ ಶುರುವಾಗಿರುತ್ತಿತ್ತು. "ದಾರಿ ಸರಿಯಿಲ್ಲ" ಎನ್ನುತ್ತಿದ್ದಳು. ಅವನು ಮತ್ತೆ ಕೇಳುತ್ತಿರಲಿಲ್ಲ.

"ಕಿತ್ತುಹಾಕು ಎಲ್ಲಾ," ಎಂದ ಆನ್ಸೆಲ್ಮ್.

"ಹೇಗೂ ಕೀಳ್ಲೇಬೇಕು. ಸತುವಿನ ಮೇಲೆ ವೆಲ್ಡಿಂಗ್ ನಿಲ್ಲಲ್ಲ. ಆದ್ರೆ ಕೆಲಸ ಚೆನ್ನಾಗಿದೆ ಯಜಮಾನ್ರೇ. ಸತು ತಾನು ಸವೆದು ಸುತ್ತಲಿನ ಕಬ್ಬಿಣ ಉಳಿಸಿದೆ. ಇಲ್ದಿದ್ರೆ ಈ ನೆಲ ಯಾವಾಗಲೋ ರಸ್ತೆಗೆ ಬಿದ್ದಿರೋದು. ಒಂದೆರಡು ತೆಗೆದಿಡ್ಲಾ?"

"ಯಾಕೆ, ಗೋಡೆಗೆ ನೇತುಹಾಕೋಕಾ? ಕಿತ್ತು ಬಿಸಾಕು ಅಂದೆ."

ಅವಳು ಉಳಿಯಿಂದ ರಿವೆಟ್ಟುಗಳನ್ನು ಕತ್ತರಿಸಿದಳು. ಮೊದಲ ತೇಪೆ ಸಡಿಲಾದ ಕೂಡಲೇ ಆನ್ಸೆಲ್ಮ್ ಅದನ್ನು ತಾನೇ ಎಳೆದುಕೊಂಡು, ಅಂಗಳಕ್ಕೆ ನಡೆದು, ಗುಜರಿ ಪೀಪಾಯಿಯೊಳಗೆ ಎಸೆದ. ಉಳಿದವು ಕಳಚುವವರೆಗೂ ಕುರ್ಚಿಯಲ್ಲಿ ಬಾಗಿಲಿನ ಕಡೆಗೆ ಮುಖಮಾಡಿ ಕೂತಿದ್ದ. ಆಮೇಲೆ ಟೋಪಿ ಹಾಕಿಕೊಂಡು, ಹೋಗುತ್ತೇನೆ ಎಂದೂ ಹೇಳದೆ ಹೋದ.

ಮರುದಿನ ಅವನು ಬರಲಿಲ್ಲ, ಅದರ ಮರುದಿನವೂ ಇಲ್ಲ. ಹೆರ್ವೆಲಿನ್ ಕೆಲಸ ಮುಂದುವರಿಸಿದಳು. ತೂತುಗಳಿಗೆ ರಟ್ಟು ಹಿಡಿದು ಅಳತೆ ತೆಗೆದು, ಹೊಸ ತಗಡು ಕತ್ತರಿಸಿದಳು. ಹಳೆಯ ಅಲೆಗಳಿಗೆ ಹೊಸ ಅಲೆಗಳು ಕೂಡಬೇಕಿತ್ತು. ಅಪ್ಪನ ಕಾಲದ ಕೈಯಂತ್ರದ ಎರಡು ಉರುಳೆಗಳ ನಡುವೆ ತಗಡನ್ನು ಕೊಟ್ಟು, ಒಂದು ಕೈಯಲ್ಲಿ ಹಿಡಿ ತಿರುಗಿಸುತ್ತ ಇನ್ನೊಂದರಲ್ಲಿ ತಗಡನ್ನು ನೇರಕ್ಕೆ ಹಿಡಿಯುತ್ತಿದ್ದಳು. ಕೂದಲೆಳೆಯಷ್ಟು ಕೈ ಜಾರಿದರೂ ಗೆರೆ ಸೊಟ್ಟಗಾಗುತ್ತಿತ್ತು. ಕಮಾನಿನ ತುಂಡನ್ನು ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಬಗ್ಗಿಸಿದಳು. ವೆಲ್ಡಿಂಗನ್ನು ಒಂದೇ ಸಮ ಎಳೆದರೆ ತೆಳು ತಗಡು ಕಾವಿಗೆ ಉಬ್ಬಿಬಿಡುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಹಾಕಿ, ಒದ್ದೆ ಬಟ್ಟೆ ಒತ್ತಿ, ತಣಿಯುವವರೆಗೆ ಕಾಯಬೇಕು. ಕಾಯುವಾಗೆಲ್ಲ ಅವಳ ಕಣ್ಣು ಮೂಲೆಯ ಖಾಲಿ ಕುರ್ಚಿಯ ಕಡೆಗೆ ಹೋಗುತ್ತಿತ್ತು.

ಡ್ರೈವರ್ ಸೀಟಿನ ಕೆಳಗಿದ್ದ ಆ ಒಂದು ತೇಪೆ ಮಾತ್ರ ಅವಳ ಮೇಜಿನ ಮೇಲಿತ್ತು. ಪೀಪಾಯಿಗೆ ಹಾಕಲು ಮನಸ್ಸಾಗಿರಲಿಲ್ಲ. ವಾರದ ಕೊನೆಗೆ ಗುಜರಿಯವನ ಲಾರಿ ಬಂದು ಅಂಗಳದಲ್ಲಿ ನಿಂತಾಗ ಅವಳು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ತನ್ನದಲ್ಲದ ಸಂಸಾರದ ವಿಷಯ. ಇಟ್ಟುಕೊಂಡರೆ ಮುದುಕನಿಗೆ ಕೋಪ. ಅಲ್ಲದೆ ಒಂದು ಫೋನನ್ನೂ ಮಾಡದೆ ಕೂತಿದ್ದ ಅವನ ಮೇಲೆ ಅವಳಿಗೂ ಸಿಟ್ಟು ಬಂದಿತ್ತು. ಲಾರಿಯವನು ಪೀಪಾಯಿ ಎತ್ತುವಾಗ ಅದನ್ನೂ ಮೇಲೆ ಎಸೆದಳು.

ಸೋಮವಾರ ಬೆಳಗ್ಗೆ ಆನ್ಸೆಲ್ಮ್ ಬಂದ. ಗಡ್ಡ ಬೋಳಿಸಿ, ಭಾನುವಾರದ ಕೋಟು ಹಾಕಿಕೊಂಡಿದ್ದ.

"ನಿನ್ನ ಕಾರು ಇದೆಯಲ್ಲ. ಕೆರ್‌ಗ್ವೆನ್‌ಗೆ ಕರ್ಕೊಂಡು ಹೋಗು."

"ಜಗಳ ಆಡೋಕಾ?"

"ಗೊತ್ತಿಲ್ಲ. ಅವನ ಮುಖ ನೋಡ್ಬೇಕು ನಂಗೆ. ನಿದ್ದೆ ಬರ್ತಿಲ್ಲ."

ಅವಳು ಕೈ ತೊಳೆದುಕೊಂಡಳು. ಇಬ್ಬರೂ ಕಾರಿನಲ್ಲಿ ಹೊರಟರು. ಗುಡ್ಡದ ಮೇಲೆ ಮುಳ್ಳುಪೊದೆಗಳೆಲ್ಲ ಹಳದಿ ಹೂ ಬಿಟ್ಟಿದ್ದವು. ರಸ್ತೆ ಕಿರಿದಾಗಿ, ಎರಡೂ ಕಡೆ ಕಲ್ಲುಕಟ್ಟೆಗಳು ಹತ್ತಿರವಾಗಿ, ಕೊನೆಗೆ ಡಾಂಬರು ಮುಗಿದು ಮಣ್ಣಿನ ದಾರಿ ಸಿಕ್ಕಿತು. "ಈ ದಾರೀಲಿ ವಾರವಾರ ಬರ್ತಿದ್ಲಾ?" ಎಂದ ಅವನು, ತನಗೇ ಎಂಬಂತೆ.

ಗೊನೆರಿಯ ಮನೆ ಗುರುತಿಸುವುದು ಕಷ್ಟವಾಗಲಿಲ್ಲ. ಅಲ್ಲಿದ್ದ ಮೂರು ಮನೆಗಳಲ್ಲಿ ಚಾವಣಿಯ ಅಂಚು ನೂಲು ಹಿಡಿದಂತೆ ನೆಟ್ಟಗಿದ್ದದ್ದು ಒಂದೇ. ಕಾರಿನ ಸದ್ದಿಗೆ ಮುದುಕ ಬಾಗಿಲಿಗೆ ಬಂದ. ತೆಳ್ಳಗೆ ಎತ್ತರದ ಆಳು, ಒಂದು ಕಾಲು ಮಡಚಲು ಬಾರದು, ಅದನ್ನು ಎಳೆಯುತ್ತ ನಡೆಯುತ್ತಿದ್ದ. ಆನ್ಸೆಲ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ನೀನು ಬೇಕರಿ ಆನ್ಸೆಲ್ಮ್," ಎಂದ. "ಅವಳನ್ನ ಮಣ್ಣು ಮಾಡಿದ ದಿನ ಚರ್ಚಿನಲ್ಲಿ ಹಿಂದೆ ಕೂತು ನಿನ್ನ ಬೆನ್ನು ನೋಡಿದ್ದೆ. ಮುಖ ಈಗ ನೋಡ್ತಿದೀನಿ. ಬಾರಯ್ಯಾ ಒಳಗೆ. ನೀನೂ ಬಾಮ್ಮಾ."

ಒಳಗೆ ಕಟ್ಟಿಗೆ ಒಲೆ ಉರಿಯುತ್ತಿತ್ತು. ಗೊನೆರಿ ಕೇಳದೆಯೇ ಮೂರು ಬಟ್ಟಲುಗಳಿಗೆ ಕಾಫಿ ಬಗ್ಗಿಸಿ, ಬೆಣ್ಣೆಯ ಕೇಕನ್ನು ದಪ್ಪ ದಪ್ಪಗೆ ಕತ್ತರಿಸಿ ಇಟ್ಟ. ಆನ್ಸೆಲ್ಮ್ ಯಾವುದನ್ನೂ ಮುಟ್ಟಲಿಲ್ಲ.

"ನನ್ನ ವ್ಯಾನಿಗೆ ಸತು ಹೊಡೆದೋನು ನೀನೇನಾ?"

"ನಾನೇ. ಯಾಕೆ, ಕಿತ್ಕೊಳ್ತಾ?"

"ಕಿತ್ಕೊಂಡಿಲ್ಲ. ಕೀಳಿಸ್ದೆ."

"ಕೀಳಿಸ್ಲೇಬೇಕು ಬಿಡು. ಅದು ಚಾವಣಿ ಮಾಲು, ವ್ಯಾನಿಗೆ ಸರಿಯಲ್ಲ ಅಂತ ಅವಳಿಗೂ ಹೇಳಿದ್ದೆ. 'ಮಳೆ ಒಳಗೆ ಬರ್ದಿದ್ರೆ ಸಾಕು ಗೊನೆರಿ, ದಿನದಲ್ಲಿ ಅರ್ಧ ಹೊತ್ತು ನನ್ನ ಮನೆ ಇದೇ' ಅಂದ್ಲು."

"ನಂಗ್ಯಾಕೆ ಹೇಳ್ಲಿಲ್ಲ ಅವಳು?"

ಗೊನೆರಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದ.

"ಬೇಜಾರು ಮಾಡ್ಕೋಬೇಡ. ಈ ವ್ಯಾನು ಇನ್ನೊಂದ್ಸಲ ಕೈಕೊಟ್ರೆ ಹಳ್ಳಿ ಸುತ್ತೋದು ಬಂದ್, ಬಂದು ಅಂಗಡೀಲಿ ಕೂತ್ಕೋ, ಅಂದಿದ್ಯಂತೆ. ಅಲ್ಲಿಂದೀಚೆಗೆ ತೂತು ಬಿದ್ರೆ ಇಲ್ಲಿಗೆ ತರ್ತಿದ್ಲು. ಕೆಳಗೆ ರಸ್ತೆ ಕಾಣೋ ಹಾಗೆ ಆಗಿತ್ತು ಒಂದ್ಸಲ. ಕಾಲಿಗೆ ಗೋಣಿಚೀಲ ಸುತ್ಕೊಂಡು ಓಡಿಸ್ಕೊಂಡು ಬಂದಿದ್ಲು."

ಆನ್ಸೆಲ್ಮನಿಗೆ ಆ ಮಾತು ನೆನಪಿತ್ತು. ಸೂಪಿನ ಬಟ್ಟಲಿನಿಂದ ತಲೆಯೆತ್ತದೆ ಆಡಿದ ಮಾತು. ಅವಳು ಏನೆಂದಳೆಂಬುದು ನೆನಪಿರಲಿಲ್ಲ. ಏನೂ ಅಂದಿರಲಿಕ್ಕಿಲ್ಲ.

"ಅದು ಸುಮ್ನೆ ಆಡಿದ ಮಾತು," ಎಂದ.

"ಅವಳು ಸುಮ್ನೆ ಅಂದ್ಕೊಳ್ಲಿಲ್ಲ."

ಒಲೆಯಲ್ಲಿ ಕೊರಡೊಂದು ಕುಸಿಯಿತು. ಆನ್ಸೆಲ್ಮ್ ಮೇಜಿನ ಮೇಲೆ ಕೈಯೂರಿ ನೇರವಾಗಿ ಕೇಳಿದ: "ಅವಳಿಗೂ ನಿನಗೂ ಏನಿತ್ತು?"

ಹೆರ್ವೆಲಿನ್ ಏಳಲು ಕುರ್ಚಿ ಹಿಂದಕ್ಕೆ ಸರಿಸಿದಳು. "ಕೂತ್ಕೋಮ್ಮಾ," ಎಂದ ಗೊನೆರಿ. "ಎದ್ದು ಹೋಗುವಂಥದ್ದೇನೂ ಇಲ್ಲ." ಮತ್ತೆ ಆನ್ಸೆಲ್ಮನ ಕಡೆ ತಿರುಗಿದ. "ಒಂದ್ಸಲ ಕೇಳಿದ್ದೆ. ಸುಳ್ಳು ಯಾಕೆ ಹೇಳ್ಲಿ ಈ ವಯಸ್ಸಿನಲ್ಲಿ. ನನ್ನ ಹೆಂಡ್ತಿ ಹೋಗಿ ಮೂರ್ನಾಲ್ಕು ವರ್ಷ ಆಗಿತ್ತು. ಇಲ್ಲೇ ಇದ್ಬಿಡು ಅಂದೆ. ಬೈತಾಳೆ ಅಂದ್ಕೊಂಡೆ, ಬೈಲಿಲ್ಲ. ನಕ್ಕಳು. 'ಮನೇಲಿ ಒಬ್ಬ ಮಲಗಿದಾನೆ ಗೊನೆರಿ, ಅವನು ಏಳೋ ಹೊತ್ತಿಗೆ ಸೂಪು ಬಿಸಿಯಾಗಿರ್ಬೇಕು' ಅಂದು, ಕಾಫಿ ಮುಗ್ಸಿ ಹೋದ್ಲು. ಇನ್ನು ಬರಲ್ಲ ಅಂತ ನಾನು ವಾರ ಪೂರ್ತಿ ನನ್ನನ್ನೇ ಬೈಕೊಂಡೆ. ಮುಂದಿನ ಗುರುವಾರ ಎಂದಿನ ಹೊತ್ತಿಗೆ ಹಾರ್ನ್ ಕೇಳ್ತು. ನಾನೂ ಆ ಮಾತು ಮತ್ತೆ ಎತ್ಲಿಲ್ಲ, ಅವಳೂ ಎತ್ಲಿಲ್ಲ. ಇಷ್ಟೇ ಕಣಯ್ಯಾ ಇದ್ದದ್ದು. ಕಾಫಿ, ತೇಪೆ, ಮಾತು."

"ಏನು ಮಾತು?"

"ಅವಳು ಆಡೋಳು, ನಾನು ಕೇಳೋನು. ಯಾರ ಹಸು ಕರು ಹಾಕ್ತು, ಯಾರ ಸೊಸೆ ಗಂಟುಮೂಟೆ ಕಟ್ಟಿದ್ಲು. ಒಬ್ಬೊಬ್ಬರ ದನಿ ತೆಗೆದು ಮಾಡಿ ತೋರಿಸ್ತಿದ್ಲು. ಆ ಹಳೇ ಪಾದ್ರಿ ಮೂಗಿನಲ್ಲಿ ಹಾಡೋದಿತ್ತಲ್ಲ, ಅದನ್ನ ಮಾಡಿದ್ರೆ ನಾನು ಹೊಟ್ಟೆ ಹಿಡ್ಕೊಂಡು ಒಲೆ ಪಕ್ಕ ಕೂತ್ಬಿಡ್ತಿದ್ದೆ."

"ಮಾರಿವೋನಾ?"

"ಮತ್ಯಾರು?"

"ಮನೇಲಿ ಅವಳು..." ಆನ್ಸೆಲ್ಮ್ ಅರ್ಧಕ್ಕೆ ನಿಲ್ಲಿಸಿದ. "ಮನೇಲಿ ಅವಳು ಮಾತೇ ಆಡ್ತಿರ್ಲಿಲ್ಲ."

"ನೀನು ಮಲಗಿರ್ತಿದ್ಯಲ್ಲ," ಎಂದ ಗೊನೆರಿ. ಆ ಮಾತಿನಲ್ಲಿ ಕುಹಕವಿರಲಿಲ್ಲ. ಬೆಳಗ್ಗೆ ಬೆಳಕಾಗುತ್ತದೆ ಎನ್ನುವಂತೆ ಹೇಳಿದ್ದ. "ನಿನ್ನನ್ನೂ ಮಾಡಿ ತೋರಿಸ್ತಿದ್ಲು."

"ನನ್ನನ್ನಾ? ಹೇಗೆ?"

ಗೊನೆರಿ ಒಮ್ಮೆ ಹಿಂಜರಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಚಮಚವನ್ನು ಎತ್ತಿ ಬಾಯಿಯ ಹತ್ತಿರ ತಂದು, ಅಲ್ಲೇ ನಿಲ್ಲಿಸಿದ. ಕಣ್ಣೆವೆಗಳು ಮೆಲ್ಲಗೆ ಇಳಿದವು, ತಲೆ ಒಂದು ಕಡೆಗೆ ವಾಲಿತು, ಕೈ ಮಾತ್ರ ಹಾಗೇ ಗಾಳಿಯಲ್ಲಿ ನಿಂತಿತು. ತಟ್ಟನೆ ಎಚ್ಚೆತ್ತು, ಯಾರೂ ನೋಡಲಿಲ್ಲವಲ್ಲ ಎಂಬಂತೆ ಎಡಗಡೆ ಬಲಗಡೆ ಕಣ್ಣಾಡಿಸಿ, ಭುಜ ಕುಣಿಸಿದ. ಹೆರ್ವೆಲಿನ್ ತಡೆಯಲಾರದೆ ನಕ್ಕುಬಿಟ್ಟಳು.

ಆನ್ಸೆಲ್ಮ್ ನಗಲಿಲ್ಲ. ಆ ಭುಜ ಕುಣಿಸಿದ್ದು ತನ್ನದಲ್ಲ, ಗೊನೆರಿಯದೂ ಅಲ್ಲ. ಮದುವೆಯಾದ ಹೊಸದರಲ್ಲಿ, ಬೇಕರಿ ಹಿಡಿಯುವುದಕ್ಕೆ ಮೊದಲು, ಯಾರನ್ನಾದರೂ ಅಣಕಿಸಿ ಮುಗಿಸಿದಾಗ ಮಾರಿವೋನ್ ಹಾಗೆ ಎಡಭುಜವನ್ನು ಮೇಲಕ್ಕೆ ಕುಣಿಸುತ್ತಿದ್ದಳು. ಅವನು ಅದನ್ನು ಮರೆತೇಬಿಟ್ಟಿದ್ದ.

"ಇನ್ನೊಂದ್ಸಲ ಮಾಡು," ಎಂದ.

ಗೊನೆರಿ ಅವನ ಮುಖ ನೋಡಿ ಚಮಚವನ್ನು ಮೆಲ್ಲಗೆ ಕೆಳಗಿಟ್ಟ. "ಬೇಡ ಕಣಯ್ಯಾ."

ಹೊರಡುವಾಗ ಗೊನೆರಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, "ನಿನ್ನನ್ನ ಒಂದು ದಿನ ಕರ್ಕೊಂಡು ಬರ್ತೀನಿ ಅಂತಿದ್ಲು," ಎಂದ. "ಬೇಸಿಗೆ ಬಂದಾಗೆಲ್ಲ ಹೇಳೋಳು. ಒಂದ್ಸಲ ನಾನು ಅಂಗಳ ಗುಡಿಸಿ, ಸೇಬಿನ ಮದ್ಯದ ಬಾಟ್ಲಿ ತೆಗೆದು ಕಾದಿದ್ದೆ. ಒಬ್ಬಳೇ ಬಂದ್ಲು. ಅವನಿಗೆ ಬಿಡುವಿಲ್ಲ ಅಂದ್ಲು."

ಆನ್ಸೆಲ್ಮ್ ಕಾರಿನ ಬಾಗಿಲು ಹಿಡಿದುಕೊಂಡು ನಿಂತ. ಅವಳು ಕರೆದಿದ್ದಳು. ಒಂದು ಸಲವಲ್ಲ, ಎಷ್ಟೋ ಸಲ. "ಬ್ರೆಡ್ಡು ಮಾರೋಕೆ ಇಬ್ರು ಯಾಕೆ" ಎಂದು ಅವನು ಮಗ್ಗುಲು ಬದಲಿಸಿದ್ದ.

ಗುಡ್ಡ ಇಳಿಯುವಾಗ ಅವನು, "ಆ ತೇಪೆಗಳು ಪೀಪಾಯೀಲೇ ಇವೆಯಲ್ಲ?" ಎಂದು ಕೇಳಿದ.

ಹೆರ್ವೆಲಿನ್ ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದಳು.

"ಗುಜರಿಯೋನು ಶನಿವಾರ ಬಂದಿದ್ದ ಯಜಮಾನ್ರೇ."

"ಎಲ್ಲಾನೂ?"

"ಎಲ್ಲಾನೂ. ಒಂದನ್ನ ಎತ್ತಿಟ್ಟಿದ್ದೆ, ಅವಳ ಕಾಲ ಕೆಳಗಿದ್ದದ್ದು. ಆಮೇಲೆ ನಿಮ್ಮ ಮೇಲೆ ಸಿಟ್ಟು ಬಂದು ಅದನ್ನೂ ಹಾಕ್ಬಿಟ್ಟೆ. ಹಾಕ್ಬಾರ್ದಿತ್ತು." ಅವಳು ಸ್ಟೀರಿಂಗ್ ಹಿಡಿದೇ ಇದ್ದಳು. "ಹೋಗಿ ಕೇಳೋಣ್ವಾ? ಬಂದರಿನ ಹತ್ರ ಅವನ ಅಂಗಡಿ."

ಹೋದರು. ಗುಜರಿಯವನ ಅಂಗಳದಲ್ಲಿ ಕ್ರೇನಿನ ದೊಡ್ಡ ಕಬ್ಬಿಣದ ಉಗುರೊಂದು ತಗಡಿನ ಗುಡ್ಡದಿಂದ ಹಿಡಿ ಹಿಡಿ ಎತ್ತಿ ಲಾರಿಗೆ ಸುರಿಯುತ್ತಿತ್ತು. ಸತುವನ್ನು ಶನಿವಾರ ಸಂಜೆಯೇ ಬೇರೆ ಮಾಡಿ ಕಳಿಸಿದ್ದಾಗಿ ಅವನು ಹೇಳಿದ. ಈ ಹೊತ್ತಿಗೆ ಕರಗಿರುತ್ತದೆ. "ಏನಾದ್ರೂ ಬೆಲೆಬಾಳೋದಿತ್ತಾ?" ಎಂದು ಕೇಳಿದ.

"ಇಲ್ಲ," ಎಂದ ಆನ್ಸೆಲ್ಮ್.

ಮರುದಿನದಿಂದ ಅವನು ಮತ್ತೆ ಶೆಡ್ಡಿಗೆ ಬಂದ. ಆದರೆ ಕುರ್ಚಿಯಲ್ಲಿ ಕೂರಲಿಲ್ಲ. ಹೆರ್ವೆಲಿನ್ ಹೊರಗಿನಿಂದ ತಟ್ಟುವಾಗ ವ್ಯಾನ್ ಒಳಗೆ ಮೊಣಕಾಲೂರಿ, ತಗಡಿನ ಹಿಂದೆ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿದ. ಸುತ್ತಿಗೆಯ ಪೆಟ್ಟು ಅವನ ಅಂಗೈಗೆ ಬರುತ್ತಿತ್ತು. "ಸ್ವಲ್ಪ ಎಡಕ್ಕೆ," ಎನ್ನುತ್ತಿದ್ದಳು ಅವಳು, "ಇನ್ನೂ ಸ್ವಲ್ಪ. ಹಾಂ, ಅಲ್ಲೇ." ಬೆಸೆದ ಗೆರೆಗಳನ್ನು ಉಜ್ಜಿ ನುಣುಪು ಮಾಡಿದರು. ಹೊಸ ಅಲೆಗಳೂ ಹಳೆಯ ಅಲೆಗಳೂ ಎಲ್ಲಿ ಕೂಡಿದವೆಂದು ಬಣ್ಣ ಹಚ್ಚಿದ ಮೇಲೆ ಯಾರಿಗೂ ಹೇಳಲು ಆಗುವಂತಿರಲಿಲ್ಲ. ಆನ್ಸೆಲ್ಮ್ ಆಗಾಗ ಡ್ರೈವರ್ ಸೀಟಿನ ಕೆಳಗೆ ಕೈಯಾಡಿಸುತ್ತಿದ್ದ. ಅಲ್ಲಿ ಈಗ ಒಂದೇ ಸಮನಾದ ಗಟ್ಟಿ ನೆಲ. ಹೆರ್ವೆಲಿನ್ ನೋಡಿಯೂ ನೋಡದಂತೆ ಬೇರೆ ಕೆಲಸಕ್ಕೆ ತಿರುಗುತ್ತಿದ್ದಳು.

ಈಸ್ಟರ್‌ಗೆ ಮೊದಲು ಅಜಿಲಿಜ್ ಬಂದಳು. ಕೆಂಪು ಕೂದಲಿನ, ತೋಳಿನವರೆಗೂ ಹಿಟ್ಟು ಮೆತ್ತಿಕೊಂಡ ಹುಡುಗಿ. ವ್ಯಾನಿನ ಸುತ್ತ ಒಮ್ಮೆ ನಡೆದು, ಬಾಗಿಲು ತೆರೆದು, ಬ್ರೆಡ್ಡು ಇಡುವ ಅಡ್ಡಪಟ್ಟಿಗಳನ್ನು ಮುಟ್ಟಿ, "ಅಯ್ಯೋ ದೇವ್ರೇ, ಎಷ್ಟು ಚೆನ್ನಾಗಿದೆ!" ಎಂದು ಹೆರ್ವೆಲಿನಳ ಎರಡೂ ಕೆನ್ನೆಗೆ ಮುತ್ತಿಟ್ಟಳು. ಆಮೇಲೆ ಆನ್ಸೆಲ್ಮನ ಕಡೆ ತಿರುಗಿದಳು.

"ಅಜ್ಜಾ, ಗುರುವಾರದಿಂದ ಶುರು ಮಾಡ್ತೀನಿ. ದಾರಿ ಹೇಳ್ಕೊಡಿ. ಯಾವ ಯಾವ ಹಳ್ಳಿ, ಯಾರ ಮನೆ ಮುಂದೆ ನಿಲ್ಲಿಸ್ಬೇಕು, ಎಲ್ಲಾ."

ಆನ್ಸೆಲ್ಮ್ ಬೀಗದಕೈಯನ್ನು ಅಂಗೈಯಲ್ಲಿ ಹೊರಳಿಸಿದ.

"ನಂಗೆ ಗೊತ್ತಿಲ್ಲಮ್ಮಾ," ಎಂದ.

ಹುಡುಗಿ ತಮಾಷೆಯೆಂದುಕೊಂಡು ನಕ್ಕಳು. ಅವನ ಮುಖ ನೋಡಿ ನಿಲ್ಲಿಸಿದಳು.

"ಕರ್ಕೊಂಡು ಹೋಗೋದಾದ್ರೆ ನಾನೂ ಬರ್ತೀನಿ," ಎಂದ ಅವನು. "ಕೇಳ್ಕೊಂಡು ಹೋಗೋಣ."

ಗುರುವಾರ ಅವನು ಹಿಂದೆ, ಬ್ರೆಡ್ಡಿನ ಅಡ್ಡಪಟ್ಟಿಗಳ ನಡುವೆ ಹಾಕಿದ ಮರದ ಪೆಟ್ಟಿಗೆಯ ಮೇಲೆ ಕೂತ. ಬೆಚ್ಚಗಿನ ವಾಸನೆ ವ್ಯಾನ್ ತುಂಬಿತ್ತು. ಎಲ್ಲೆಲ್ಲಿ ತಿರುಗಬೇಕೋ ತಿಳಿಯದೆ ಎರಡು ಸಲ ದನದ ಕೊಟ್ಟಿಗೆಯ ಅಂಗಳಕ್ಕೇ ನುಗ್ಗಿ ಹಿಂದೆ ಬರಬೇಕಾಯಿತು. ಆದರೂ ಹಾರ್ನ್ ಹೊಡೆದ ಕಡೆಯೆಲ್ಲ ಯಾರಾದರೊಬ್ಬರು ಹೊರಗೆ ಬಂದು, ಮುಂದಿನ ಮನೆ ಯಾವುದೆಂದು ಕೈಮಾಡಿ ತೋರಿಸುತ್ತಿದ್ದರು. "ಅಲ್ಲಿ ಆ ಬಾವಿ ಹತ್ರ ನಿಲ್ಲಿಸ್ತಿದ್ಲು." "ಇಲ್ಲ ಇಲ್ಲ, ಬಾವಿ ದಾಟಿ, ಪೀಟರ್ ಮನೆ ಮುಂದೆ."

ಗುಡ್ಡದ ತಿರುವಿನಲ್ಲಿ ಒಂಟಿ ಮನೆಯೊಂದರ ಮುಂದೆ ಅಜಿಲಿಜ್ ಹಾರ್ನ್ ಹೊಡೆದು ಕಾದಳು. ಯಾರೂ ಬರಲಿಲ್ಲ. ಮುಂದೆ ಹೋಗಬೇಕೆನ್ನುವಷ್ಟರಲ್ಲಿ ಬಾಗಿಲು ಮೆಲ್ಲಗೆ ತೆರೆದು, ಬಹಳ ವಯಸ್ಸಾದ ಹೆಂಗಸೊಬ್ಬಳು ಗೋಡೆ ಹಿಡಿದುಕೊಂಡು ಬಂದಳು. ಆನ್ಸೆಲ್ಮ್ ಬ್ರೆಡ್ಡು ಹಿಡಿದು ಕೆಳಗಿಳಿದ.

"ನೀನ್ಯಾರಪ್ಪಾ?" ಎಂದಳು ಮುದುಕಿ, ಕಣ್ಣು ಕಿರಿದು ಮಾಡಿ.

"ಬೇಕರಿಯೋನು."

"ಬೇಕರಿಯೋಳಲ್ವಾ ಬರ್ತಿದ್ದಿದ್ದು?"

"ಹೌದು," ಎಂದ ಆನ್ಸೆಲ್ಮ್. "ಅವಳೇ ಬರ್ತಿದ್ಲು."

ಅವನು ಬ್ರೆಡ್ಡನ್ನು ನೀಡಿದ. ಮುದುಕಿ ಕೈ ಚಾಚಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಅಡಿಗೆಬಟ್ಟೆಯ ಎರಡೂ ತುದಿಗಳನ್ನು ಹಿಡಿದು ಮಡಿಲು ಮಾಡಿ, ಹಾಕು ಎಂಬಂತೆ ಗದ್ದ ಆಡಿಸಿದಳು. ಅವನು ಬಗ್ಗಿ ಅದರೊಳಗೆ ಇಳಿಸಿದ. ಅವಳು ಬಟ್ಟೆಯನ್ನು ಮೇಲೆ ಮಡಿಸಿ, ಬಿಸಿಯನ್ನು ಹೊಟ್ಟೆಗೊತ್ತಿಕೊಂಡು, ಗಾಳಿಗೆ ಎದುರಾಗಿ ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತ ಹಿಂದಿರುಗಿದಳು. ಅಜಿಲಿಜ್ ಇಂಜಿನ್ ಚಾಲೂ ಮಾಡಿ ಕರೆದಳು. ಆನ್ಸೆಲ್ಮ್ ರಸ್ತೆಯ ಮೇಲೆಯೇ ನಿಂತಿದ್ದ. ಮುದುಕಿ ಹೊಸ್ತಿಲು ದಾಟಿದಳು, ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿನ ಮೇಲೆ ಅಡಿಗೆಮನೆಯ ಕಿಟಕಿಯಲ್ಲಿ ಒಂದು ಕೈ, ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಬಟ್ಟೆ ಹೊದಿಸುತ್ತಿರುವುದು ಕಾಣಿಸಿತು.